ಹೆಸರು ಹೇಳಬಾರದ ವಂಕ

ಕಾಮಸಮುದ್ರದಿಂದ ಮೂಡಲಿಗೆ ಗಾಡಿದಾರಿ ಹಿಡಿದು ಬಂದರೆ ಎಲುಗುಬಂಡೆ ಎಂಬ ಬೆಟ್ಟ ಸಿಗುತ್ತದೆ. ತೆಲುಗಿನಲ್ಲಿ ಎಲುಗು ಎಂದರೆ ಕರಡಿ. ದೂರದಿಂದ ನೋಡಿದವರಿಗೆ ಅದು ಒಂದೇ ಗುಡ್ಡ. ಬುಡಕ್ಕೆ ಬಂದು ನಿಂತರೆ, ಒದ್ದೆ ಕಂಬಳಿಯನ್ನು ಮುದುರಿ ಎಸೆದ ಹಾಗೆ ಮಡಿಕೆ ಮಡಿಕೆಯಾಗಿ ಐದಾರು ಕಣಿವೆಗಳು. ಒಂದೊಂದು ಮಡಿಕೆಯೊಳಗೂ ಒಂದೊಂದು ವಂಕ. ಬೆಟ್ಟದಿಂದ ಇಳಿಯುವ ಸಣ್ಣ ತೊರೆಗೆ ಆ ಸೀಮೆಯಲ್ಲಿ ವಂಕ ಎನ್ನುತ್ತಾರೆ. ವರ್ಷದ ಮುಕ್ಕಾಲು ಪಾಲು ಅದರಲ್ಲಿ ಕಲ್ಲು, ಮರಳು, ಹಾವಿನ ಪೊರೆ, ಇಷ್ಟೇ. ಮಳೆ ಹಿಡಿದರೆ ನೀರು. ಎಲ್ಲ ವಂಕಗಳೂ ಕೆಳಗಿಳಿದು ಬುಡದ ಊರು ಚಿಂತಲಪಲ್ಲಿಯ ಕೆರೆಗೆ ಬೀಳುತ್ತವೆ.

ಎಲುಗು ವಂಕ, ಜಾಲಾರಿ ವಂಕ, ಗಂಗಮ್ಮನ ವಂಕ ಎಂದು ಅವಕ್ಕೆಲ್ಲ ಹೆಸರಿದ್ದವು. ಒಂದರ ಹೆಸರು ಮಾತ್ರ ಊರಿನ ಹೆಂಗಸರ ಬಾಯಲ್ಲಿ ಬರುತ್ತಿರಲಿಲ್ಲ. ಗಂಡಸರು ಅದನ್ನು ಮುನಿಸ್ವಾಮಿ ವಂಕ ಎನ್ನುತ್ತಿದ್ದರು. ಅದರ ನೆತ್ತಿಯಲ್ಲಿ, ಹಳೇ ಹುಣಸೆಮರದ ಕೆಳಗೆ, ಕುಂಕುಮ ಬಳಿದ ಮೂರು ಕಲ್ಲಾಗಿ ಮುನಿಸ್ವಾಮಿ ಕೂತಿದ್ದ. ಊರಿನಲ್ಲಿ ಗಂಡು ಹುಟ್ಟಿದರೆ ಅವನ ಹೆಸರೇ. ಮುನಿಯಪ್ಪ, ಮುನಿಸ್ವಾಮಿ, ಚಿಕ್ಕಮುನಿಯಪ್ಪ, ಮುನಿವೆಂಕಟ. ಹೀಗಾಗಿ ಆ ಊರಿಗೆ ಸೊಸೆಯಾಗಿ ಬಂದ ಯಾವ ಹೆಣ್ಣಿಗೂ ಆ ಹೆಸರು ಗಂಡನದೋ, ಮಾವನದೋ, ಭಾವನದೋ ಆಗಿರುತ್ತಿತ್ತು. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಸವೆಯುತ್ತದೆ ಎಂಬುದನ್ನು ಅವರು ಮಾತು ಕಲಿಯುವಾಗಲೇ ಕಲಿತವರು. ದಡದಲ್ಲಿ ಬೆಟ್ಟದ ನೆಲ್ಲಿ ಹೇರಳವಾಗಿ ಬಿಡುತ್ತಿದ್ದುದರಿಂದ ಹೆಂಗಸರು ತಮ್ಮತಮ್ಮಲ್ಲಿ ಅದನ್ನು ನೆಲ್ಲಿ ವಂಕ ಎಂದುಕೊಂಡಿದ್ದರು.

ಅಕ್ಕಯ್ಯಮ್ಮನ ಗಂಡ ಮುನಿಸ್ವಾಮಪ್ಪ. ಅವಳು ವೀಕೋಟದ ಕಡೆಯ ತೆಲುಗಿನವಳು. ಮದುವೆಯಾಗಿ ಬಂದು ಆರೇಳು ವರ್ಷವಾಗಿದ್ದರೂ ಗಂಡನನ್ನು 'ಇವರು' ಎಂದೇ ಕರೆಯುತ್ತಿದ್ದಳು. ಯಾರಾದರೂ ಮುನಿಸಿಕೊಂಡರೆ 'ಮುನಿಸು' ಎಂಬ ಮಾತನ್ನೂ ಅವಳು ಆಡುತ್ತಿರಲಿಲ್ಲ, 'ಸಿಟ್ಟು ಮಾಡ್ಕಂಡವ್ರೆ' ಎನ್ನುತ್ತಿದ್ದಳು. ಅಷ್ಟು ಭಯ. ಕನಸಿನಲ್ಲಿ ಎಲ್ಲಾದರೂ ಬಾಯಿಗೆ ಬಂದೀತೆಂದು ಮೊದಮೊದಲು ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಮಲಗುತ್ತಿದ್ದಳಂತೆ.

ಆಗಿನ್ನೂ ಚಿನ್ನದ ಗಣಿಗಳಿಗೆ ಕರೆಂಟು ಬಂದಿರಲಿಲ್ಲ. ಊರಿಗಾಂ, ಚಾಂಪಿಯನ್ ರೀಫ್ಸ್ ಕಡೆಯ ಬಾಯ್ಲರುಗಳು ರಾಕ್ಷಸರ ಹಾಗೆ ಸೌದೆ ತಿನ್ನುತ್ತಿದ್ದವು. ಹತ್ತಿರದ ಗುಡ್ಡಗಳು ಬೋಳಾದ ಮೇಲೆ ಸೌದೆಯ ಕಂಟ್ರಾಕ್ಟರೊಬ್ಬ ಎಲುಗುಬಂಡೆಗೂ ಬಂದ. ತಿರುಪತ್ತೂರಿನ ಕಡೆಯಿಂದ ಕರೆತಂದ ತಮಿಳು ಆಳುಗಳು ಬೆಟ್ಟದ ಮಗ್ಗುಲಲ್ಲಿ ಗುಡಿಸಲು ಹಾಕಿಕೊಂಡು ಮರ ಕಡಿಯತೊಡಗಿದರು. ಎರಡು ವರ್ಷದಲ್ಲಿ ನೆತ್ತಿಯ ಕಾಡೆಲ್ಲ ಗಾಡಿಯೇರಿ ಹೋಯಿತು. ಹುಣಸೆಮರವೊಂದನ್ನು ಮಾತ್ರ ದೇವರ ಭಯಕ್ಕೆ ಬಿಟ್ಟರು. ಆಮೇಲೆ ವಂಕಗಳ ನಡತೆಯೇ ಬದಲಾಯಿತು. ಮೊದಲೆಲ್ಲ ಮೇಲೆ ಮಳೆ ಬಿದ್ದರೆ ನೀರು ಎಲೆ ಬೇರುಗಳ ನಡುವೆ ನಿಧಾನವಾಗಿ ಇಳಿದು ಸಂಜೆಗೆ ಕೆರೆ ತಲುಪುತ್ತಿತ್ತು. ಈಗ ಮೋಡ ಒಡೆದ ಸ್ವಲ್ಪ ಹೊತ್ತಿಗೆಲ್ಲ ಕೆಂಪು ನೀರು ಕಲ್ಲುಗಳನ್ನು ಉರುಳಿಸಿಕೊಂಡು ನುಗ್ಗುತ್ತಿತ್ತು. ಹಿಂದಿನ ಮಳೆಗಾಲದಲ್ಲಿ ಜಾಲಾರಿ ವಂಕದಲ್ಲಿ ಮೇಕೆಗಳು ಕೊಚ್ಚಿಹೋಗಿದ್ದವು.

ಕಾರ್ತಿಕದಲ್ಲಿ ಒಂದು ದಿನ ಮುನಿಸ್ವಾಮಪ್ಪನ ಎತ್ತೊಂದು ಹಗ್ಗ ಕಿತ್ತುಕೊಂಡು ಬೆಟ್ಟ ಹತ್ತಿತು. ಬೆಳಗ್ಗೆ ಮುದ್ದೆ ಉಂಡು, ಹೆಗಲಿಗೆ ಹಗ್ಗ ಹಾಕಿಕೊಂಡು ಅವನು ಹುಡುಕಲು ಹೋದ. ತಮ್ಮ ಚಿಕ್ಕಮುನಿಯಪ್ಪ ಹುರುಳಿ ಮಾರಲು ಬೌರಿಂಗ್‌ಪೇಟೆಗೆ ಹೋಗಿದ್ದ. ಮನೆಯಲ್ಲಿ ಉಳಿದದ್ದು ಅಕ್ಕಯ್ಯಮ್ಮ ಮತ್ತು ಅವಳ ಅತ್ತೆ ಮುತ್ಯಾಲಮ್ಮ.

ಹೊತ್ತು ಬಾಗುವಾಗ ಎತ್ತು ಒಂದೇ ಮನೆಗೆ ಬಂತು. ಮೈಯೆಲ್ಲ ಬೆವರು, ಮೂಗಿನ ಹೊಳ್ಳೆ ಅರಳಿತ್ತು. ಕೊಟ್ಟಿಗೆಯೊಳಕ್ಕೆ ಹೋಗಲು ಒಲ್ಲದೆ ಬೆಟ್ಟದ ಕಡೆಗೇ ತಿರುಗಿ ನಿಂತು ನಡುಗುತ್ತಿತ್ತು.

ಮುತ್ಯಾಲಮ್ಮ ಅದರ ಬೆನ್ನು ಸವರಿ ನೋಡಿದಳು. "ಗಾಯ ಏನೂ ಇಲ್ಲ. ಏನನ್ನೋ ಕಂಡು ಎದ್ರೈತೆ."

"ಅತ್ತೆ, ಇವ್ರು ಇನ್ನೂ ಬರ್ಲಿಲ್ವಲ್ಲ."

"ಎತ್ತು ಸಿಗ್ನಿಲ್ಲ ಅಂತ ಇನ್ನೂ ಮೇಲ್ಮೇಲಕ್ಕೆ ಓಗಿರ್ತಾನೆ. ಬತ್ತಾನೆ." ಹಾಗೆಂದವಳು ತಾನೇ ಅಂಗಳದ ತುದಿಗೆ ಹೋಗಿ ಕೈ ಅಡ್ಡ ಹಿಡಿದು ನೋಡಿದಳು. ಬೆಟ್ಟದ ನೆತ್ತಿಯ ಮೇಲೆ ಮೋಡ ಕಪ್ಪಾಗಿ ಕೂತಿತ್ತು. "ಕುಡ್ಲು ತಗಂಡು ಒಂದೀಟು ದೂರ ನೋಡ್ಕಂಡು ಬಾರಮ್ಮಿ. ಮಳೆ ಬರಾಕಿಂತ ಮುಂಚೆ ಬಂದ್ಬುಡು."

ಅಕ್ಕಯ್ಯಮ್ಮ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ಗಂಡ ಯಾವ ಕಡೆ ಹೋಗಿದ್ದಾನೆಂದು ಅವಳಿಗೆ ತಿಳಿಯದು. ಎತ್ತಿನ ಹೆಜ್ಜೆ ಹಿಡಿದು ನಡೆದಳು. ಹೆಜ್ಜೆಗಳು ನೆಲ್ಲಿ ವಂಕದ ಬಾಯಿಯಿಂದ ಹೊರಗೆ ಬಂದಿದ್ದವು. ಎರಡು ಮಗ್ಗುಲಲ್ಲೂ ಗೋಡೆಯ ಹಾಗೆ ಬಂಡೆ, ಮೇಲೆ ಪೊದೆ ಕವಿದ ಅರೆಗತ್ತಲು. ಮರಳಿನಲ್ಲಿ ನೀರು ಇನ್ನೂ ಹೆಬ್ಬೆರಳು ದಪ್ಪ ಹರಿಯುತ್ತಿತ್ತು. ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ.

ಬಹಳ ದೂರ ಹತ್ತಿದ ಮೇಲೆ ಅವಳಿಗೆ ಆ ಸದ್ದು ಕೇಳಿಸಿತು. ಬಂಡೆಯ ಹಿಂದೆ ಏನೋ ಗೊರಗೊರ ಉಸಿರೆಳೆಯುತ್ತಿತ್ತು. ನಡುನಡುವೆ ಗಂಟಲಿನಿಂದ ಹುರ್ರೆನ್ನುವ ಶಬ್ದ. ಅವಳು ಅಲ್ಲೇ ನಿಂತುಬಿಟ್ಟಳು. ಬೆಟ್ಟಕ್ಕೆ ಸುಮ್ಮನೆ ಆ ಹೆಸರು ಬಂದದ್ದಲ್ಲ. ಗಂಡಸರ ಮುಖದ ಚರ್ಮ ಸುಲಿದುಹಾಕಿದ ಕರಡಿಗಳ ಕಥೆಯನ್ನು ಪ್ರತಿ ಮನೆಯಲ್ಲೂ ಕೇಳಿದ್ದಳು. ತಿರುಗಿ ಓಡಿದರೆ ಬೆನ್ನಟ್ಟುತ್ತದೆ, ನಿಂತರೆ ವಾಸನೆ ಹಿಡಿಯುತ್ತದೆ. ಕುಡುಗೋಲನ್ನು ಎರಡು ಕೈಯಲ್ಲೂ ಹಿಡಿದು, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟಳು. ಆಗ ಬಂಡೆಯ ಪಕ್ಕ ಮರಳಿನ ಮೇಲೆ ಬಿದ್ದಿದ್ದ ಹಗ್ಗ ಕಾಣಿಸಿತು. ಅವರ ಮನೆಯ ಹಗ್ಗ.

ಓಡಿಹೋಗಿ ನೋಡಿದರೆ ಅವನೇ. ದಡದಿಂದ ಇಳಿಯುವಾಗ ಕಾಲಿಟ್ಟ ಬಂಡೆ ಬುಡದ ಮಣ್ಣು ಕೊಚ್ಚಿಹೋಗಿ ಸಡಿಲವಾಗಿತ್ತು. ಅವನನ್ನು ಕೆಡವಿ, ತಾನೂ ಉರುಳಿ, ಬಲಗಾಲಿನ ಮೇಲೆ ಕೂತಿತ್ತು. ಅವನು ಅಂಗಾತ ಬಿದ್ದಿದ್ದ, ಕಾಲು ಮೇಲಕ್ಕೆ, ತಲೆ ಇಳಿಜಾರಿಗೆ. ತಲೆ ಇದ್ದ ಕಡೆ ತಗ್ಗು. ಬೆಳಗಿನಿಂದ ಕೂಗಿ ಕೂಗಿ ಗಂಟಲು ಕಟ್ಟಿಹೋಗಿ, ಆ ಗೊರಗೊರ ಸದ್ದೊಂದೇ ಉಳಿದಿತ್ತು.

"ಅಯ್ಯೋ ದ್ಯಾವ್ರೇ, ಇದೇನಾಯ್ತು!"

ಅವನ ತುಟಿ ಅಲ್ಲಾಡಿತು. ಅವಳು ಕಿವಿ ಹತ್ತಿರ ತಂದಳು. "ನೀರು" ಎಂದ. ಬೊಗಸೆಯಲ್ಲಿ ಕುಡಿಸಿದಳು. ಬಂಡೆಗೆ ಭುಜ ಕೊಟ್ಟು ತಳ್ಳಿದಳು, ಕುಡುಗೋಲಿನ ಹಿಡಿ ಸಿಕ್ಕಿಸಿ ಮೀಟಿದಳು. ಹಿಡಿ ಮುರಿಯಿತು. ಬಂಡೆ ಕೂದಲೆಳೆಯಷ್ಟೂ ಕದಲಲಿಲ್ಲ. ಅವಳ ತಳ್ಳಾಟಕ್ಕೆ ಅವನೇ ನೋವಿನಿಂದ ಹಲ್ಲು ಕಚ್ಚಿದ.

"ಓಗು," ಅವನು ಪಿಸುಗುಟ್ಟಿದ. "ಯಾರ್ನಾರಾ ಕರ್ಕಂಡ್ ಬಾ."

ಅವಳು ಎದ್ದಳು. ಆಗಲೇ ಮೇಲೆಲ್ಲೋ ಗುಡುಗು ಹೊರಳಿತು. ಅವರಿದ್ದ ಕಡೆ ಹನಿ ಬಿದ್ದಿರಲಿಲ್ಲ, ಆದರೆ ನೆತ್ತಿ ಕಾಣದಷ್ಟು ಮಳೆ ಅಲ್ಲಿ ಸುರಿಯುತ್ತಿತ್ತು. ಅವಳು ನಾಲ್ಕು ಮಾರು ಇಳಿದಿರಬೇಕು, ಹಿಂದೆ ನೀರಿನ ಸದ್ದು ಬೇರೆಯಾಯಿತು. ತಿರುಗಿ ನೋಡಿದಳು. ಹೆಬ್ಬೆರಳು ದಪ್ಪವಿದ್ದ ನೀರು ತೊಡೆ ದಪ್ಪವಾಗಿ, ಕೆಂಪಾಗಿ, ಎಲೆ ಕಡ್ಡಿ ನೊರೆ ಹೊತ್ತು ಬಂಡೆ ಸುತ್ತಿಕೊಂಡು ಬರುತ್ತಿತ್ತು. ಅದು ಬಂದು ಸೇರುತ್ತಿದ್ದುದು ಅವನ ತಲೆ ಇದ್ದ ತಗ್ಗಿಗೇ. ಅವನು ಕತ್ತು ಎತ್ತಿ ಹಿಡಿದುಕೊಳ್ಳಲು ಹೆಣಗುತ್ತಿದ್ದ, ಕತ್ತು ಸೋತು ಮತ್ತೆ ಬೀಳುತ್ತಿತ್ತು.

ಊರಿಗೆ ಹೋಗಿ ಬರುವಷ್ಟರಲ್ಲಿ ಏನಾಗುತ್ತದೆ ಎಂಬುದು ಅವಳಿಗೆ ಹೊಳೆಯಿತು. ವಾಪಸು ಓಡಿ ನೀರಿನಲ್ಲೇ ಕೂತು, ಅವನ ತಲೆಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು.

"ಓಗು ಅಂದ್ನಲ್ಲ."

"ಓಗಲ್ಲ. ಸುಮ್ಕಿರಿ."

ನೀರು ಅವಳ ಸೊಂಟಕ್ಕೆ ಬಂತು. ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದವು. ಅವಳು ಕೂಗಿದಳು, ಪದವಿಲ್ಲದೆ, ಸುಮ್ಮನೆ ಕೂಗಿದಳು. ಕೂಗು ಬಂಡೆಗೆ ಬಡಿದು, ಎದುರು ಬಂಡೆಗೆ ಬಡಿದು, ಎಲ್ಲ ಮಡಿಕೆಗಳಲ್ಲೂ ಸುತ್ತಿ ತಿರುಗಿ ಬಂತು. ಮತ್ತೆ ಕೂಗಿದಳು.

"ಓಯ್!" ಮೇಲಿನಿಂದ ಗಂಡಸಿನ ದನಿ. "ಯಾರದು? ಎಂಗಮ್ಮಾ? ಎಲ್ಲಿದ್ದೀಯಾ?"

ಸೌದೆಯ ಆಳುಗಳು. ಮಳೆಗೆ ಕೆಲಸ ಬಿಟ್ಟು ಗುಡಿಸಲಿಗೆ ಹೋಗುತ್ತಿದ್ದವರು. ಕೂಗುತ್ತಿದ್ದವನು ಅವರ ಗುಂಪಿನ ಮುಂದಾಳು ಆರುಮುಗಂ. ಅವರು ಬೆಟ್ಟದ ಏಣಿನ ಮೇಲಿದ್ದರು. ಅಲ್ಲಿಂದ ಕಣಿವೆಗಳೆಲ್ಲ ಕಾಲಡಿಗೆ ಹರಡಿದ್ದವು, ಎಲ್ಲದರಲ್ಲೂ ಪೊದೆ, ಎಲ್ಲದರಿಂದಲೂ ಆ ಹೆಣ್ಣಿನ ದನಿ ಬಂದಂತಿತ್ತು. ತಪ್ಪು ಕಣಿವೆಗೆ ಇಳಿದರೆ ಹತ್ತಿ ಇನ್ನೊಂದಕ್ಕೆ ಇಳಿಯುವಷ್ಟರಲ್ಲಿ ಕತ್ತಲಾಗುತ್ತಿತ್ತು.

"ಯಾವ ವಂಕ ಅಮ್ಮಾ? ವಂಕ ಯಾವ್ದು ಏಳು!"

"ನೆಲ್ಲಿ ವಂಕಾ!" ಅಕ್ಕಯ್ಯಮ್ಮ ಕೂಗಿದಳು. "ನೆಲ್ಲೀ ವಂಕಾ!"

ಮೇಲೆ ಅವರವರೇ ಮಾತಾಡಿಕೊಂಡ ಗುಜುಗುಜು. "ಅಂಗಂದ್ರೆ ಯಾವ್ದು? ಅದು ನಮ್ಗೆ ತೆರಿಯಲ್ಲಮ್ಮಾ! ಎಲುಗು ವಂಕಾನಾ?"

"ಅಲ್ಲಾ!"

"ಜಾಲಾರಿ ವಂಕಾನಾ?"

"ಅಲ್ಲಣ್ಣಾ! ದ್ಯಾವ್ರ ವಂಕ! ದ್ಯಾವ್ರು ಇರಾ ವಂಕ!"

"ಯಾವ ದ್ಯಾವ್ರು?"

ಅವಳು ಕೆಳಗೆ ನೋಡಿದಳು. ತೊಡೆಯ ಮೇಲೆ ಗಂಡನ ತಲೆ. ನೀರು ಅವನ ಕಿವಿಯನ್ನು ಮುಟ್ಟುತ್ತಿತ್ತು. "ನೀವೇ ಕೂಗಿ," ಎಂದಳು ಅವನಿಗೆ, "ನಿಮ್ ಎಸ್ರು ನೀವೇ ಕೂಗಿ, ಒಂದು ಸಲ." ಅವನು ಬಾಯಿ ತೆರೆದ. ಗಾಳಿ ಬಂತೇ ಹೊರತು ದನಿ ಬರಲಿಲ್ಲ. ಕೆಮ್ಮು ಬಂದು ಮುಖ ನೀಲಿಯಾಯಿತು.

"ನಮ್ಮ ಯಜಮಾನ್ರ ಎಸ್ರಣ್ಣಾ! ಇವ್ರ ಎಸ್ರಿನ ವಂಕ!"

"ನಿನ್ ಯಜಮಾನ ಯಾರು ಅಂತ ನಮ್ಗೇನಮ್ಮಾ ಗೊತ್ತು? ದ್ಯಾವ್ರ ವಂಕ ಅಂದ್ರೆ ಗಂಗಮ್ಮನ ವಂಕ ಇರ್ಬೇಕು ಕಣ್ರಪ್ಪಾ! ನಡೀರಿ, ಆ ಕಡೆ ಇಳೀರಿ!"

ಗಂಗಮ್ಮನ ವಂಕ ಬೆಟ್ಟದ ಇನ್ನೊಂದು ಮಗ್ಗುಲಿಗಿತ್ತು. ಕಲ್ಲು ಜಾರುವ ಸದ್ದು, ದನಿಗಳು ದೂರ ಸರಿಯುವುದು, ಎಲ್ಲವೂ ಅವಳಿಗೆ ಕೇಳಿಸಿತು. ಅಲ್ಲ ಅಲ್ಲ ಎಂದು ಚೀರಿದಳು. ನೀರಿನ ಮೊರೆತದಲ್ಲಿ ಅವಳ 'ಅಲ್ಲ' ಅವರಿಗೆ 'ಹೌದು' ಎಂದೇ ಕೇಳಿಸಿರಬೇಕು. ಅವರು ನಿಲ್ಲಲಿಲ್ಲ.

ಅವಳು ಏನು ಮಾಡಲು ಹೊರಟಳೆಂಬುದು ಮುನಿಸ್ವಾಮಪ್ಪನಿಗೆ ತಿಳಿಯಿತು. ಅವನು ಅವಳ ಮುಂಗೈ ಹಿಡಿದುಕೊಂಡ. ಸಾಯುತ್ತಿರುವವನ ಹಿಡಿತ ಎಷ್ಟು ಬಿಗಿಯಿರುತ್ತದೋ ಅಷ್ಟು ಬಿಗಿ. ಕಣ್ಣಿನಲ್ಲಿ ನೀರಿನ ಭಯಕ್ಕಿಂತ ದೊಡ್ಡ ಭಯವಿತ್ತು. ಬೇಡ ಎಂಬಂತೆ ತಲೆ ಆಡಿಸಿದ. "ಬ್ಯಾಡ ಕಣೇ."

ಒಂದು ಅಲೆ ಬಂದು ಅವನ ಬಾಯಿ ಮುಚ್ಚಿತು. ಅವಳು ಎತ್ತಿ ಹಿಡಿದಳು, ಅವನು ಕೆಂಪು ನೀರು ಕಕ್ಕಿದ.

ಆಗ ಅಕ್ಕಯ್ಯಮ್ಮ ಕಣ್ಣು ಮುಚ್ಚಿಕೊಂಡು ಕೂಗಿದಳು.

"ಮುನಿಸ್ವಾಮೀ! ಮುನಿಸ್ವಾಮೀ ವಂಕಾ! ಮುನಿಸ್ವಾಮೀ!"

ಅದು ತನ್ನ ದನಿಯೆಂದು ಅವಳಿಗೇ ಅನ್ನಿಸಲಿಲ್ಲ. ಆಡಿದ ಮಾತು ಅಲ್ಲೇ ಮುಗಿಯಲೂ ಇಲ್ಲ. ಎದುರು ಬಂಡೆ ಅದನ್ನು ಹಿಡಿದು ಎಸೆಯಿತು, ಅದರಾಚೆಯ ಮಡಿಕೆ ಹಿಡಿಯಿತು. ಮುನಿಸ್ವಾಮಿ, ಸ್ವಾಮಿ, ಆಮಿ ಎಂದು ಬೆಟ್ಟದ ಎಲ್ಲ ಕಣಿವೆಗಳೂ ಅವಳ ಗಂಡನ ಹೆಸರನ್ನು ಒಂದಕ್ಕೊಂದು ಹೇಳಿಕೊಂಡವು. ಒಂದೊಂದು ಸಲ ಮಾರ್ದನಿಸಿದಾಗಲೂ ಅವನ ಆಯಸ್ಸಿನಿಂದ ಒಂದೊಂದು ತುಂಡು ಯಾರೋ ಕತ್ತರಿಸಿಕೊಳ್ಳುತ್ತಿರುವಂತಿತ್ತು. ಆದರೂ ನಿಲ್ಲಿಸಲಿಲ್ಲ. ಒಮ್ಮೆ ಕೂಗಿದ ಮೇಲೆ ಮತ್ತೆ ಕೂಗಲು ಹೆದರುವುದಕ್ಕೆ ಏನು ಉಳಿದಿತ್ತು? ಗಂಟಲು ಹರಿಯುವವರೆಗೂ ಕೂಗಿದಳು. ಅವನ ಕೈ ಅವಳ ಮುಂಗೈಯಿಂದ ಸಡಿಲಿ ನೀರಿಗೆ ಬಿತ್ತು.

"ಮುನಿಸ್ವಾಮಿ ವಂಕ ಅಂತ್ರೋ!" ಮೇಲೆ ಯಾರೋ ಅಬ್ಬರಿಸಿದರು. "ತಿರುಗ್ರೋ! ಈ ಕಡೆ, ಈ ಕಡೆ!"

ಅವರು ಬಂದಾಗ ನೀರು ಅವಳ ಎದೆಮಟ್ಟಕ್ಕಿತ್ತು. ಗಂಡನ ಮುಖವೊಂದೇ ಅವಳ ಅಂಗೈಗಳ ನಡುವೆ ಮೇಲಿತ್ತು. ಆರುಮುಗಂ ಹಾರೆ ಹಿಡಿದು ಮೊದಲು ಇಳಿದ. ಉಳಿದವರು ಕಡಿದ ಮರವೊಂದನ್ನು ತಂದು ಬಂಡೆಯ ಬುಡಕ್ಕೆ ಕೊಟ್ಟು, ಎಲ್ಲರೂ ಒಟ್ಟಿಗೆ ಮೈಭಾರ ಹಾಕಿದರು. ಬಂಡೆ ಒಂದು ಗೇಣು ಎದ್ದಿತು, ಅವನನ್ನು ಎಳೆದುಕೊಂಡರು. ಕಾಲು ಮೊಣಕಾಲಿನ ಕೆಳಗೆ ಬೇರೆ ದಿಕ್ಕಿಗೆ ತಿರುಗಿತ್ತು. ಅಕ್ಕಯ್ಯಮ್ಮನ ಕೈಗಳು ಮರಗಟ್ಟಿದ್ದವು. ಗಂಡನನ್ನು ಎತ್ತಿಕೊಂಡ ಮೇಲೂ ಅವು ಹಾಗೇ ಬೊಗಸೆಯಾಗಿ ನಿಂತಿದ್ದವು.

ಎರಡು ಬಿದಿರ ಗಳುವಿಗೆ ಕಂಬಳಿ ಕಟ್ಟಿ ಅವನನ್ನು ಊರಿಗೆ ಹೊತ್ತು ತಂದರು. ಅಂಗಳದಲ್ಲಿ ಜನ ಸೇರಿತು. ಆರುಮುಗಂ ತಲೆಯ ಬಟ್ಟೆ ಬಿಚ್ಚಿ ಮುಖ ಒರೆಸಿಕೊಳ್ಳುತ್ತ ಮುತ್ಯಾಲಮ್ಮನಿಗೆ ಖುಷಿಯಿಂದಲೇ ಹೇಳಿದ. "ನಿನ್ ಸೊಸೆ ಇಲ್ದಿದ್ರೆ ಮಗ ಸಿಗ್ತಿರ್ಲಿಲ್ಲ ಪಾಟೀ. ಏನ್ ಕೂಗು ಅಂತೀಯ! ಮುನಿಸ್ವಾಮಿ, ಮುನಿಸ್ವಾಮಿ ಅಂತ ಬೆಟ್ಟ ಪೂರಾ ಕೇಳ್ತು."

ಪಕ್ಕದ ಮನೆಯ ಪಾಪಕ್ಕ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡಳು. ಮುತ್ಯಾಲಮ್ಮ ಸೊಸೆಯ ಕಡೆ ನೋಡಲಿಲ್ಲ. ಆರುಮುಗಂನಿಗೆ ಮಜ್ಜಿಗೆ ಕೊಟ್ಟು ಕೈ ಮುಗಿದಳು, ಅಷ್ಟೇ.

ಮೂಳೆ ಕಟ್ಟುವ ಅಶ್ವತ್ಥಪ್ಪ ಬಂದು, ಕಾಲು ಎಳೆದು ಕೂರಿಸಿ, ಮೊಟ್ಟೆಯ ಬಿಳಿ ಹಚ್ಚಿ ಬಿದಿರು ದಬ್ಬೆ ಕಟ್ಟಿ ಹೋದ. ಮೊದಲೆರಡು ದಿನ ನೋವಷ್ಟೇ. ಆಮೇಲೆ ಜ್ವರ ಏರಿತು. ಮುನಿಸ್ವಾಮಪ್ಪ ಕಣ್ಣು ತೆರೆದಿದ್ದರೂ ಯಾರನ್ನೂ ಗುರುತಿಸುತ್ತಿರಲಿಲ್ಲ. ಗಾಯ ಊದಿ ಕಮಟು ವಾಸನೆ ಬರತೊಡಗಿತು.

ಅಕ್ಕಯ್ಯಮ್ಮ ಅನ್ನ ನೀರು ಬಿಟ್ಟು ತಲೆದೆಸೆಯಲ್ಲಿ ಕೂತಳು. ಜ್ವರ ಅವಳಿಗೆ ಅಚ್ಚರಿ ತರಲಿಲ್ಲ. ಅದಕ್ಕಾಗಿ ಕಾಯುತ್ತಲೇ ಇದ್ದಳು. ಬೆಟ್ಟ ಅವಳ ಕೂಗನ್ನು ಇಟ್ಟುಕೊಂಡಿದೆ, ಈಗ ಲೆಕ್ಕ ಕೇಳುತ್ತಿದೆ ಎನ್ನಿಸುತ್ತಿತ್ತು. ಗಾಳಿ ಬೀಸಿದರೆ ಬೆಟ್ಟದ ಕಡೆಯಿಂದ ಯಾರೋ ಆ ಹೆಸರು ಕರೆದಂತಾಗಿ ಬಾಗಿಲು ಹಾಕುತ್ತಿದ್ದಳು. ಬಾವಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸಿ ಕೊಡ ಎತ್ತಿಕೊಂಡು ಸರಿದು ನಿಲ್ಲುತ್ತಿದ್ದರು. "ಒಂದು ಸಲ ಅಂದ್ರೂ ಸರಿ, ಅಷ್ಟು ಸಲ ಕೂಗವ್ಳಂತೆ" ಎಂದು ಪಾಪಕ್ಕ ಅಂದದ್ದು ಅವಳ ಕಿವಿಗೂ ಬಿತ್ತು.

ಮುತ್ಯಾಲಮ್ಮ ಬೈಯಲಿಲ್ಲ. ಬೈದಿದ್ದರೆ ಒಂದಷ್ಟು ಹಗುರವಾಗುತ್ತಿತ್ತು. ಆ ಮೌನವೇ ಅಕ್ಕಯ್ಯಮ್ಮನನ್ನು ಹೆಚ್ಚು ಹೆದರಿಸಿತು. ಕೊನೆಗೊಂದು ಮಧ್ಯಾಹ್ನ, ರಾಗಿ ಬೀಸುತ್ತಿದ್ದ ಅತ್ತೆಯ ಎದುರಿಗೆ ಹೋಗಿ ಕೂತಳು.

"ಅತ್ತೆ, ನನ್ನ ಒಡೀರಿ. ಇಲ್ಲಾಂದ್ರೆ ತವ್ರಿಗೆ ಕಳ್ಸಿ. ಇಂಗೆ ಸುಮ್ಕೆ ಇರ್ಬ್ಯಾಡಿ."

ಮುತ್ಯಾಲಮ್ಮ ಬೀಸುವುದನ್ನು ನಿಲ್ಲಿಸಿದಳು.

"ನಾನೇನಂತ ಒಡೀಲಿ? ನಾನೂ ಕೂಗ್ದೋಳೇ."

ಅಕ್ಕಯ್ಯಮ್ಮನಿಗೆ ಅರ್ಥವಾಗಲಿಲ್ಲ.

"ಧಾತು ವರ್ಸದ ಬರ ಬಂತಲ್ಲ, ಆಗ. ಇವ್ನು ಇನ್ನೂ ಎತ್ಕಳೋ ಕೂಸು, ಚಿಕ್ಕೋನು ಒಟ್ಟೇಲಿ. ಸರ್ಕಾರ್ದೋರು ಗಂಜಿ ಉಯ್ಯೋ ತಾವ ಎಸ್ರು ಕೇಳಿ ಬರ್ಕಂತಿದ್ರು. ಗಂಡನ ಎಸ್ರು ಏಳಮ್ಮ ಅಂದ್ರು. ಬ್ಯಾರೆಯೋರ ಕೈಲಿ ಏಳ್ಸಾನಾ ಅಂದ್ರೆ ಗುರ್ತಿನೋರು ಒಬ್ರೂ ಇಲ್ಲ. ಹಿಂದ್ಲೋರು ನೂಕ್ತಾ ಇದ್ರು. ಕೂಸು ಅಳಾಕೂ ತ್ರಾಣ ಇಲ್ದೆ ಬಾಯಿ ಬಿಡ್ತಿತ್ತು. ಏಳ್ಬುಟ್ಟೆ." ಅವಳು ಹಿಟ್ಟಿನ ಕೈಯಲ್ಲೇ ಮುಖ ಒರೆಸಿಕೊಂಡಳು. "ಗಂಜಿ ತಂದು ಕೂಸಿಗೆ ಕುಡಿಸ್ದೆ. ಅದೇ ವಾರದಾಗೆ ನಿಮ್ಮಾವ ವಾಂತಿಭೇದಿ ಆಗಿ ಓದ್ರು. ನಾನೇ ಕೊಂದೆ ಅಂತ ಇವತ್ಗಂಟ ಯಾರ್ ತಾವ್ಲೂ ಬಾಯಿ ಬಿಟ್ಟಿಲ್ಲ. ಈಗ ನೀನೂ... ನನ್ ಮಗನ್ನ..."

ಅತ್ತೆ ಸೊಸೆ ಇಬ್ಬರೂ ಬೀಸುವ ಕಲ್ಲಿನ ಎರಡು ಮಗ್ಗುಲಲ್ಲಿ ಕೂತು, ಒಳಗೆ ಅವನು ಜ್ವರದಲ್ಲಿ ನರಳುವುದನ್ನು ಕೇಳುತ್ತಿದ್ದರು.

ಮಾರನೆಯ ದಿನ ಚಿಕ್ಕಮುನಿಯಪ್ಪ ಮತ್ತೆ ಅಶ್ವತ್ಥಪ್ಪನನ್ನು ಕರೆತಂದ. ಅವನು ದಬ್ಬೆ ಬಿಚ್ಚಿ, ಕತ್ತಿಯನ್ನು ಬೆಂಕಿಗೆ ಹಿಡಿದು, ಊತವನ್ನು ಕೊಯ್ದು ಕೀವು ತೆಗೆದ. ಬೇವಿನ ಕಷಾಯದಲ್ಲಿ ತೊಳೆದ. ಹಿಡಿದುಕೊಳ್ಳಲು ಮೂರು ಗಂಡಸರು ಬೇಕಾದರು. ಮುನಿಸ್ವಾಮಪ್ಪ ಕಿರುಚಿ ಪ್ರಜ್ಞೆ ತಪ್ಪಿದ. ಅಕ್ಕಯ್ಯಮ್ಮ ಹಿತ್ತಲಿನ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದಳು. ಒಳಗಿನ ಸದ್ದು ನಿಂತಾಗ ಅವಳು ಒಳಗೆ ಹೋಗಲಿಲ್ಲ. ಯಾರಾದರೂ ಬಂದು ಹೇಳಲಿ ಎಂದು ಕಾದಳು, ಹೇಳುವುದು ಬೇಡವೆಂದೂ ಬೇಡಿಕೊಂಡಳು.

ಬಂದವಳು ಮುತ್ಯಾಲಮ್ಮ. "ಉಸ್ರೈತೆ" ಎಂದಳು.

ಉಸಿರು ಆ ದಿನವೂ ಇತ್ತು, ಮರುದಿನವೂ ಇತ್ತು. ಅದರ ಮರುದಿನ ಬೆಳಗ್ಗೆ ಮೈ ಬೆವೆತು ತಣ್ಣಗಾಯಿತು. ತಣ್ಣಗಾದದ್ದನ್ನು ಮುಟ್ಟಿ ಅಕ್ಕಯ್ಯಮ್ಮ ಮುಗಿಯಿತೆಂದು ಚೀರಿದಳು. ಅವನು ಕಣ್ಣು ಬಿಟ್ಟ.

"ಯಾಕೇ ಇಂಗೆ ಕೂಗ್ತೀಯ? ಒಟ್ಟೆ ಅಸೀತೈತೆ."

ಅವನು ಎದ್ದು ಗೋಡೆಗೊರಗಿ ಗಂಜಿ ಕುಡಿಯುವಂತಾದಾಗ ನೋಡಲು ಬಂದವರಲ್ಲಿ ಪಾಪಕ್ಕನೂ ಇದ್ದಳು. ಮಾತು ಎಳೆದೆಳೆದು ಕೊನೆಗೆ ಅಲ್ಲಿಗೇ ತಂದಳು. "ಏನೋ, ದ್ಯಾವ್ರು ದೊಡ್ಡೋನು. ಎಂಡ್ತಿ ಬಾಯಲ್ಲಿ ಎಸ್ರು ಬಂದ್ಮೇಲೂ ಉಳ್ಕಂಡೆ."

"ನಾನೇ ಕೂಗು ಅಂದೆ," ಎಂದ ಮುನಿಸ್ವಾಮಪ್ಪ.

ಒಲೆಯ ಹತ್ತಿರ ಇದ್ದ ಅಕ್ಕಯ್ಯಮ್ಮ ತಲೆ ಎತ್ತಿದಳು.

"ನನ್ನ ಗಂಟಲು ಕಟ್ಟೋಗಿತ್ತು ಕಣಕ್ಕಾ. ನನ್ ಬದ್ಲು ನೀನು ಕೂಗು ಅಂತ ನಾನೇ ಏಳ್ದೆ. ಅದು ಅವಳ ಕೂಗಲ್ಲ, ನನ್ದೇ." ಹೆಂಡತಿಯ ಕಡೆ ನೋಡದೆಯೇ ಗಂಜಿಯ ಬಟ್ಟಲಿಗೆ ಬಾಯಿ ಹಚ್ಚಿದ. ಅವಳ ಮುಂಗೈಯ ಮೇಲೆ ಅವನ ಬೆರಳಿನ ಗುರುತು ಹಳದಿಗಟ್ಟಿ ಇನ್ನೂ ಉಳಿದಿತ್ತು. ಅವಳು ಬಳೆಗಳನ್ನು ಕೆಳಗೆ ಜಾರಿಸಿ ಅದನ್ನು ಮುಚ್ಚಿಕೊಂಡಳು.

ಪಾಪಕ್ಕ ಹೋದ ಮೇಲೆ ಮುತ್ಯಾಲಮ್ಮ ಬಹಳ ಹೊತ್ತು ಹೊಸ್ತಿಲ ಮೇಲೆ ಕೂತು ಮಗನನ್ನೇ ನೋಡುತ್ತಿದ್ದಳು. ಆಮೇಲೆ ಸೊಸೆಯನ್ನು ಕರೆದಳು.

"ಅಷ್ಟು ಸಲ ಕೂಗ್ದೆ. ಬದ್ಕವ್ನೆ."

"ಊಂ ಅತ್ತೆ."

"ನಾನು ಒಂದೇ ಸಲ ಏಳಿದ್ದು. ಅದೂ ಮೆಲ್ಲಗೆ." ಅವಳು ಸೆರಗಿನ ತುದಿ ಕೈಗೆ ತೆಗೆದುಕೊಂಡಳು. "ಅಂಗಾರೆ ಬರವೇ ಕಣಮ್ಮಿ ಅವ್ರನ್ನ ತಿಂದಿದ್ದು. ಆ ವರ್ಸ ಊರ್ನಾಗೆ ಎಷ್ಟ್ ಜನ ಓದ್ರು, ಅವ್ರ ಎಂಡ್ರೆಲ್ಲ ಎಸ್ರು ಏಳಿದ್ರಾ?" ಎಂದು ಕೇಳಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಇಪ್ಪತ್ತು ವರ್ಷಗಳ ಅಳು. ಅಕ್ಕಯ್ಯಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟು ಕೂತಳು.

ಹಾಗೆಂದು ಊರಿನ ಹೆಂಗಸರು ಗಂಡಂದಿರ ಹೆಸರು ಕರೆಯಲು ಶುರು ಮಾಡಲಿಲ್ಲ. ಭಯ ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ. ಅಕ್ಕಯ್ಯಮ್ಮನಂತೂ ಮತ್ತೆಂದೂ ಆ ಹೆಸರನ್ನು ಆಡಲಿಲ್ಲ. ಅವನಿಗೆ ಒಂದು ಸೀನು ಬಂದರೂ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ನೋಡುತ್ತಿದ್ದಳು. ಆದರೆ ಮುತ್ಯಾಲಮ್ಮ ಒಂದು ಕೆಲಸ ಮಾಡಿದಳು. ಸಂಕ್ರಾಂತಿಗೆ ಮುನಿಸ್ವಾಮಿಗೆ ಹುಂಜ ಕೊಡಲು ಹೋದಾಗ, ಹುಣಸೆಮರದ ಕೆಳಗೆ ಸೇರಿದ್ದ ಗಂಡಸರ ಎದುರಿಗೆ ನಿಂತು ಹೇಳಿದಳು. "ನೀವು ಒಂದಂತೀರ, ನಾವೊಂದಂತೀವಿ. ಸಾಯೋ ಒತ್ನಾಗೆ ಯಾರಿಗೂ ತಿಳೀದೆ ಓಯ್ತು. ದ್ಯಾವ್ರ ಎಸ್ರು ದ್ಯಾವ್ರಿಗಿರ್ಲಿ. ನೀರಿಗೆ ಎಲ್ರೂ ನೆಲ್ಲಿ ವಂಕ ಅನ್ರಿ. ಕಂಟ್ರಾಕ್ಟ್ರು ಆಳುಗಳಿಗೂ ಏಳ್ರಿ."

ಗಂಡಸರು ಗೊಣಗಿದರು. ಸ್ವಾಮಿಗೆ ಕೋಪ ಬಂದೀತು ಎಂದರು ಕೆಲವರು. ಊರುಗೋಲಿನ ಮೇಲೆ ನಿಂತಿದ್ದ ಮುನಿಸ್ವಾಮಪ್ಪ ಮಾತ್ರ, "ಅವ್ನ ಎಸ್ರಿನೋನು ನಾನು. ನಂಗೇ ಕೋಪ ಇಲ್ಲ," ಎಂದ. ಒಬ್ಬಿಬ್ಬರು ನಕ್ಕರು. ಹುಂಜ ಕೊಯ್ದರು.

ಹೆಸರು ಒಂದೇ ದಿನಕ್ಕೆ ಬದಲಾಗಲಿಲ್ಲ. ಮೊದಲು ದನ ಕಾಯುವವರು ನೆಲ್ಲಿ ವಂಕ ಎನ್ನತೊಡಗಿದರು, ಆಮೇಲೆ ಸೌದೆಯ ಆಳುಗಳು, ಎಷ್ಟೋ ವರ್ಷಗಳ ಮೇಲೆ ಊರಿನ ಹಿರಿಯರು. ಅಷ್ಟರಲ್ಲಿ ಗಣಿಗಳಿಗೆ ಕರೆಂಟು ಬಂದು, ಸೌದೆಯವರು ಗುಡಿಸಲು ಕಿತ್ತುಕೊಂಡು ಹೊರಟುಹೋದರು. ಮುನಿಸ್ವಾಮಪ್ಪನ ಬಲಗಾಲು ಸೊಟ್ಟಗೇ ಕೂಡಿಕೊಂಡಿತು. ಅವನು ಹೊಲದ ಕೆಲಸ ಮಾಡುತ್ತಿದ್ದ, ಬೆಟ್ಟ ಮಾತ್ರ ಹತ್ತಲಿಲ್ಲ.

ಅಕ್ಕಯ್ಯಮ್ಮ ಮತ್ತೆ ವಂಕದೊಳಕ್ಕೆ ಕಾಲಿಟ್ಟದ್ದು ಎರಡು ಚಳಿಗಾಲ ಕಳೆದ ಮೇಲೆ. ನೆಲ್ಲಿಕಾಯಿಗೆ ಹೊರಟ ಹೆಂಗಸರು ಬಲವಂತ ಮಾಡಿ ಕರೆದೊಯ್ದರು. ಬಂಡೆಗಳ ನಡುವೆ ಮರಳಿನಲ್ಲಿ ನೀರು ಸಣ್ಣಗೆ ಹರಿಯುತ್ತಿತ್ತು. ಅವಳು ಬಗ್ಗಿ, ಕಿವಿಗೊಟ್ಟು, ನೆತ್ತಿಯ ಕಡೆ ಮೋಡವಿಲ್ಲವೆಂದು ನೋಡಿಕೊಂಡು, ಆಮೇಲೆ ಕಾಯಿ ಕೀಳಲು ಕೈ ಚಾಚಿದಳು.

ಸಂಜೆ ಮನೆಗೆ ಬಂದಾಗ ಅವನು ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಅವಳು ಮಡಿಲಿನ ನೆಲ್ಲಿಕಾಯಿಯನ್ನು ಮೊರಕ್ಕೆ ಸುರಿದಳು.

"ನೀರೈತಾ?" ಎಂದು ಕೇಳಿದ.

"ಐತೆ. ಒಂದೀಟು."

ಅವನು ಒಂದು ಕಾಯಿ ಎತ್ತಿ ಬಾಯಿಗೆ ಹಾಕಿಕೊಂಡ. ಒಗರಿಗೆ ಮುಖ ಹಿಂಡಿದ. ಅವಳು ಮೊರ ಎತ್ತಿಕೊಂಡು ಒಳಗೆ ಹೋಗಿ ಉಪ್ಪು ಹುಡುಕಿದಳು.